ಸಣ್ಣ ಕಾಡುಹೂಗಳ ಕ್ಲೋಸಪ್‌ಗೆ ಏನು ತಗೊಳ್ಳಲಿ? 1500ಡಿ ಇದೆ, 55-250 ಇದೆ

ಬೇಣದ ಹುಲ್ಲು

ಎಲ್ಲರಿಗೂ ನಮಸ್ಕಾರ. ನಮ್ಮದು ಸಿದ್ದಾಪುರದ ಕಡೆ. ಮಳೆ ಹಿಡಿದ ಮೇಲೆ ಮನೆ ಹಿಂದಿನ ಬೇಣದಲ್ಲಿ, ಅಂದರೆ ಹುಲ್ಲುಗಾವಲಿನಲ್ಲಿ, ಸಣ್ಣ ಸಣ್ಣ ಹೂಗಳು ತುಂಬಿಕೊಳ್ಳುತ್ತವೆ. ಚಿರೆಕಲ್ಲಿನ ಮೇಲೆ ತೆಳ್ಳಗೆ ಮಣ್ಣಿದ್ದು ನೀರು ಜಿನುಗುವ ಜಾಗದಲ್ಲಿ ಹುಳ ಹಿಡಿಯುವ ಗಿಡ ಡ್ರಾಸೆರಾ, ಅದರ ಪಕ್ಕದಲ್ಲೇ ಅದೇ ಥರದ ನೀಲಿ ಹೂವಿನ ಯುಟ್ರಿಕ್ಯುಲೇರಿಯಾ. ತೋಟದ ಅಗಳದ (ಕಂದಕದ) ದರೆಯಲ್ಲಿ ಕರ್ಣಕುಂಡಲ, ಜರಿಗಿಡ, ಹಾವಸೆ (ಮಾಸ್). ಇವನ್ನೆಲ್ಲ ಹತ್ತಿರದಿಂದ ಚೆನ್ನಾಗಿ ತೆಗೆಯಬೇಕು ಅಂತ ಆಸೆ.

ಕ್ಯಾಮೆರಾ ಕ್ಯಾನನ್ 1500ಡಿ. ಜೊತೆಗೆ 18-55 ಮತ್ತು 55-250 ಎಸ್‌ಟಿಎಂ ಜೂಮ್ ಲೆನ್ಸ್‌ಗಳು (ಸಂಖ್ಯೆ ಎಂಎಂನಲ್ಲಿ ಫೋಕಲ್ ಲೆಂತ್). ಟ್ರೈಪಾಡ್ ಒಂದಿದೆ, ಸಾಧಾರಣದ್ದು. ಬಜೆಟ್ 20,000 ರೂಪಾಯಿಯ ಒಳಗೆ. ಎಕ್ಸ್‌ಟೆನ್ಷನ್ ಟ್ಯೂಬ್ (ಲೆನ್ಸಿಗೂ ಕ್ಯಾಮೆರಾಗೂ ನಡುವೆ ಹಾಕುವ ಕೊಳವೆ), ರಿವರ್ಸ್ ರಿಂಗ್ (ಲೆನ್ಸನ್ನು ಹಿಂದುಮುಂದಾಗಿ ಹಾಕುವ ಬಳೆ), ರೇನಾಕ್ಸ್ ಕ್ಲಿಪ್ ಗಾಜು, ಹಳೆಯ ಮ್ಯಾಕ್ರೋ ಲೆನ್ಸ್ ಅಂತ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಗಿಡಕ್ಕೇ ಅಂತ ತಗೊಳ್ಳುವುದಾದರೆ ಯಾವುದು ಸರಿ? ಹುಳ, ಚಿಟ್ಟೆ ನನಗೆ ಅಷ್ಟು ಮುಖ್ಯವಲ್ಲ.

ಮಲೆಸಾಲು

ಮೊದಲು ಒಂದು ಕೆಲಸ ಮಾಡಿ. ಸ್ಕೇಲ್ ತಗೊಂಡು ಬೇಣಕ್ಕೆ ಹೋಗಿ, ನಿಮಗೆ ಬೇಕಾದ ಹೂಗಳನ್ನು ಅಳೆದು ಬನ್ನಿ. ಯಾವ ಲೆನ್ಸ್ ಅನ್ನೋದು ಆಮೇಲೆ.

ಯಾಕೆ ಅಂದರೆ, ನಿಮ್ಮ 1500ಡಿ ಸೆನ್ಸರಿನ ಅಗಲ 22.3 ಮಿ.ಮೀ. 1:1 ಅಂದರೆ ಅಷ್ಟೇ ಅಗಲದ ಜಾಗ ಇಡೀ ಫ್ರೇಮ್ ತುಂಬುತ್ತದೆ. ಅರ್ಧ ಗಾತ್ರದಲ್ಲಿ, ಅಂದರೆ 1:2ರಲ್ಲಿ, ಸುಮಾರು 45 ಮಿ.ಮೀ. ಜಾಗ ಸಿಗುತ್ತದೆ. ನಿಮ್ಮ 55-250 ಎಸ್‌ಟಿಎಂ ಏನೂ ಸೇರಿಸದೆ 0.29ರವರೆಗೆ ಹೋಗುತ್ತದೆ, ಅಂದರೆ ಹೆಚ್ಚು ಕಡಿಮೆ 77 ಮಿ.ಮೀ. ಅಗಲ. ಕರ್ಣಕುಂಡಲದ ದೊಡ್ಡ ಹೂಗಳಿಗೆ ಇದರಲ್ಲೇ ಒಂದು ಮಟ್ಟಿಗೆ ಆಗುತ್ತದೆ. ನೆಲಕ್ಕೆ ಅಂಟಿಕೊಂಡು ಬೆಳೆಯುವ ಡ್ರಾಸೆರಾ ಬರ್ಮಾನಿಯ ಎಲೆಚಕ್ರ ಎರಡು ಮೂರು ಸೆಂಟಿಮೀಟರ್ ಇರುತ್ತದೆ. ಅದಕ್ಕೆ 1:2ರಿಂದ ಸ್ವಲ್ಪ ಮೇಲೆ ಸಾಕು. ಆದರೆ ಅದರ ಒಂದೊಂದು ಕೂದಲ ತುದಿಯ ಅಂಟಿನ ಹನಿ ಬೇಕು ಅಂದರೆ 2 ಪಟ್ಟು ಬೇಕು. ಹಾವಸೆಯ ಕಾಯಿ ಬಾಯಿ ತೆರೆದಾಗ ಕಾಣುವ ಹಲ್ಲುಗಳಿಗೆ ಅದೂ ಸಾಲದು.

ಬಹಳ ಜನ ದೊಡ್ಡದು ಮಾಡುವುದರ ಹಿಂದೆ ಬೀಳುತ್ತಾರೆ. ಗಿಡದ ಚಿತ್ರಗಳಲ್ಲಿ ಮುಕ್ಕಾಲು ಪಾಲು 1:4ರಿಂದ 1:1ರ ನಡುವೆಯೇ ಮುಗಿಯುತ್ತವೆ.

ನನ್ನ ಸಲಹೆ ರೇನಾಕ್ಸ್ ಡಿಸಿಆರ್-150. 250 ಅಲ್ಲ, 150. ಇದು 55-250ರ ಮೂತಿಗೆ ಕ್ಲಿಪ್ ಆಗುವ ಕ್ಲೋಸಪ್ ಗಾಜು. 52ರಿಂದ 67 ಎಂಎಂ ಫಿಲ್ಟರ್ ಅಳತೆಯ ಲೆನ್ಸ್‌ಗಳಿಗೆ ಕೂರುತ್ತದೆ, ನಿಮ್ಮದು 58. ಇದರ ಪವರ್ 4.8 ಡಯಾಪ್ಟರ್, ಅಂದರೆ ಫೋಕಲ್ ಲೆಂತ್ ಸುಮಾರು 208 ಎಂಎಂ. ಲೆನ್ಸನ್ನು ಇನ್ಫಿನಿಟಿಗೆ, ಅಂದರೆ ಅತಿ ದೂರದ ಫೋಕಸ್‌ಗೆ, ಇಟ್ಟಾಗ ಜೂಮನ್ನು 208ರಿಂದ ಭಾಗಿಸಿದರೆ ಗಾತ್ರ ಸಿಗುತ್ತದೆ. 100ರಲ್ಲಿ ಸುಮಾರು ಅರ್ಧ, 250ರಲ್ಲಿ 1.2. ಎರಡರಲ್ಲೂ ಹೂವಿನಿಂದ ಸುಮಾರು 20 ಸೆಂ.ಮೀ. ದೂರ ಉಳಿಯುತ್ತದೆ. ಜೂಮ್ ತಿರುಗಿಸಿ ಗಾತ್ರ ಬದಲಿಸಬಹುದು, ದೂರ ಬದಲಾಗುವುದಿಲ್ಲ. ಟ್ರೈಪಾಡ್ ಇಟ್ಟು ಗಿಡ ತೆಗೆಯುವವರಿಗೆ ಇದು ಬಹಳ ದೊಡ್ಡ ಅನುಕೂಲ.

ರೇನಾಕ್ಸ್‌ನ 250 ಮಾದರಿ 8 ಡಯಾಪ್ಟರ್. ದೂರ 12 ಸೆಂ.ಮೀ.ಗೆ ಇಳಿಯುತ್ತದೆ, ಗಾತ್ರ 2 ಪಟ್ಟಿಗೆ ಏರುತ್ತದೆ. ಜೇಡನ ಕಣ್ಣು ತೆಗೆಯುವವರಿಗೆ ಅದು. ಎರಡರಲ್ಲೂ ಜೂಮನ್ನು 55ರ ಹತ್ತಿರ ತಂದರೆ ಮೂಲೆ ಕಪ್ಪಾಗುತ್ತದೆ, ಅದು ಲೆನ್ಸಿನ ದೋಷವಲ್ಲ.

ಹಳೇಗಾಜು

ನಾನು ಒಪ್ಪುವುದಿಲ್ಲ. ಇವತ್ತು ಕ್ಲಿಪ್ಪು, ನಾಳೆ ಟ್ಯೂಬು, ನಾಡಿದ್ದು ಮ್ಯಾಕ್ರೋ ಲೆನ್ಸು. ಮೂರು ಸಲ ದುಡ್ಡು ಹೋಗುತ್ತದೆ. ನೇರವಾಗಿ ಸೆಕೆಂಡ್ ಹ್ಯಾಂಡ್ 100 ಎಂಎಂ ಹುಡುಕಿ.

ಕ್ಯಾನನ್ ಇಎಫ್ 100 ಎಂಎಂ ಎಫ್ 2.8 ಯುಎಸ್‌ಎಂ ಹೇಳುತ್ತಿದ್ದೇನೆ, ಎಲ್ (ಕ್ಯಾನನ್‌ನ ದುಬಾರಿ ಸಾಲು) ಅಲ್ಲದ್ದು. ಎಲ್ ಬಂದದ್ದು 2009ರಲ್ಲಿ, ಅದಕ್ಕೆ ಐಎಸ್ (ಕೈಯ ಅಲುಗಾಟ ತಡೆಯುವ ವ್ಯವಸ್ಥೆ) ಇದೆ, ಬೆಲೆ ನಿಮ್ಮ ಬಜೆಟ್ ದಾಟುತ್ತದೆ. ಹಳೆಯದಕ್ಕೆ ಐಎಸ್ ಇಲ್ಲ. ಆದರೆ 1:1ರ ಹತ್ತಿರ ಐಎಸ್‌ನಿಂದ ಸಿಗುವ ಲಾಭವೂ ಬಹಳ ಕಡಿಮೆ ಆಗುತ್ತದೆ. ಟ್ರೈಪಾಡ್ ಮೇಲೆ ಗಿಡ ತೆಗೆಯುವವರಿಗೆ ಅದಿಲ್ಲದಿದ್ದರೂ ನಡೆಯುತ್ತದೆ. ಹಳೆಯ ಟ್ಯಾಮ್ರಾನ್ 90 ಎಂಎಂ ಕೂಡ ಗಾಜಿನಲ್ಲಿ ಏನೂ ಕಡಿಮೆಯಿಲ್ಲ. ಅದರ ಮೂತಿ ಮಾತ್ರ ಫೋಕಸ್ ಮಾಡುವಾಗ ಉದ್ದಕ್ಕೆ ಹೊರಗೆ ಬರುತ್ತದೆ, ಹಾಗಾಗಿ ಹೂವಿಗೆ ಇನ್ನೂ ಹತ್ತಿರ ಹೋಗುತ್ತೀರಿ.

ಮ್ಯಾಕ್ರೋ ಲೆನ್ಸಿನಲ್ಲಿ ಫ್ರೇಮಿನ ಅಂಚಿನವರೆಗೂ ಚಿತ್ರ ಹರಿತ ಇರುತ್ತದೆ. ಎಲೆಯ ನರಗಳನ್ನು, ಜರಿಯ ಹಿಂಬದಿಯ ಚುಕ್ಕೆಗಳನ್ನು ಸಮತಟ್ಟಾಗಿ ತೆಗೆಯುವಾಗ ಕ್ಲಿಪ್ ಗಾಜು ಅಂಚಿನಲ್ಲಿ ಸೋಲುತ್ತದೆ. ಇನ್ನೊಂದು, ದೂರದಿಂದ ಹತ್ತಿರದವರೆಗೆ ತಡೆಯಿಲ್ಲದೆ ಫೋಕಸ್ ಆಗುತ್ತದೆ. ಕ್ಲಿಪ್ ಹಾಕಿದರೆ ಇಡೀ ಗಿಡ ತೆಗೆಯಲು ಮತ್ತೆ ಬಿಚ್ಚಬೇಕು.

ಬೇಣದ ಹುಲ್ಲು

ಹಳೇಗಾಜು ಸರ್, 60 ಎಂಎಂ ಅಥವಾ 35 ಎಂಎಂ ಮ್ಯಾಕ್ರೋ ಯಾಕೆ ಬೇಡ? ಗಿಡ ಓಡಿ ಹೋಗುವುದಿಲ್ಲವಲ್ಲ, ಹತ್ತಿರ ಹೋದರೇನು?

ಹಳೇಗಾಜು

ಗಿಡ ಓಡುವುದಿಲ್ಲ, ಆದರೆ ಬೆಳಕು ಓಡುತ್ತದೆ. ಇಎಫ್-ಎಸ್ 35 ಎಂಎಂನಲ್ಲಿ 1:1ಕ್ಕೆ ಹೋದರೆ ಹೂವಿಗೂ ಗಾಜಿಗೂ ನಡುವೆ ಮೂರು ಸೆಂಟಿಮೀಟರ್ ಉಳಿಯುತ್ತದೆ. ಲೆನ್ಸಿನ ನೆರಳು ಹೂವಿನ ಮೇಲೇ ಬೀಳುತ್ತದೆ. ಅದಕ್ಕೇ ಕ್ಯಾನನ್‌ನವರು ಅದರ ಮೂತಿಯಲ್ಲೇ ಎಲ್‌ಇಡಿ ಇಟ್ಟಿದ್ದಾರೆ. ನಿಕಾನ್‌ನ 40 ಎಂಎಂಗೂ ಇದೇ ನೆರಳಿನ ಕಥೆ. 60 ಪರವಾಗಿಲ್ಲ, ಒಳ್ಳೆಯ ಲೆನ್ಸು, ಕೈಗೆ ಹಗುರ.

ಆದರೆ ಹಿನ್ನೆಲೆ ನೋಡಿ. ಬೇಣದಲ್ಲಿ ಹೂವಿನ ಹಿಂದೆ ಏನಿರುತ್ತದೆ? ಹುಲ್ಲು, ಒಣ ಕಡ್ಡಿ, ಕಲ್ಲು. ಚಿಕ್ಕ ಫೋಕಲ್ ಲೆಂತ್ ಅಷ್ಟನ್ನೂ ಒಳಗೆ ಎಳೆದುಕೊಳ್ಳುತ್ತದೆ. 100 ಎಂಎಂ ಹಿಂದಿನ ಸಣ್ಣ ತುಂಡನ್ನು ಮಾತ್ರ ನೋಡುತ್ತದೆ. ಕ್ಯಾಮೆರಾ ನಾಲ್ಕು ಬೆರಳು ಅತ್ತ ಸರಿಸಿದರೆ ಹಿನ್ನೆಲೆಯೇ ಬದಲಾಗುತ್ತದೆ.

ಮಲೆಸಾಲು

ಈ ಮಾತು ಪೂರ್ತಿ ಸರಿ. ಅದೇ ಕಾರಣಕ್ಕೆ 55-250ರ ಉದ್ದದ ತುದಿಗೆ ಗಾಜು ಹಾಕಿ ಅಂದದ್ದು. ಹಿನ್ನೆಲೆ ವಿಷಯದಲ್ಲಿ ಅದು 100ಕ್ಕಿಂತಲೂ ಶಾಂತ.

ಎಲೆಕಂಕುಳು

ನಾನು ಫೋಟೋಗ್ರಾಫರ್ ಅಲ್ಲ, ಗಿಡ ಗುರುತಿಸುವ ಕಡೆಯವಳು. ಆದರೆ ಇಲ್ಲಿ ಒಂದು ಮಾತು ಹೇಳಲೇಬೇಕು.

ಕ್ಲೋಸಪ್ ಅಂದರೆ ಎಲ್ಲರೂ ಹೂವಿನ ಮುಖ ತೆಗೆಯುತ್ತಾರೆ. ಸುಂದರವಾಗಿರುತ್ತದೆ, ಹಿಂದೆ ಹಸಿರು ಮಸುಕು, ಎಲ್ಲ ಸರಿ. ಆದರೆ ಯಾವ ಜಾತಿ ಅಂತ ಕೇಳಿದಾಗ ಆ ಚಿತ್ರದಿಂದ ಹೇಳಲು ಆಗುವುದೇ ಇಲ್ಲ. ಕರ್ಣಕುಂಡಲವನ್ನೇ ತಗೊಳ್ಳಿ. ಪಶ್ಚಿಮ ಘಟ್ಟದಲ್ಲಿ ಇದರ ಜಾತಿಗಳು ಬಹಳ, ಎಷ್ಟೋ ಜಾತಿಗಳು ಇಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ಗುರುತಿಸಲು ಬೇಕಾದ್ದು ಹೂವಿನ ಹಿಂಬದಿಯ ಬಾಲ. ಅದು ಉದ್ದವೋ ಗಿಡ್ಡವೋ, ನೆಟ್ಟಗಿದೆಯೋ ಬಾಗಿದೆಯೋ ನೋಡಬೇಕು. ಪಕ್ಕದ ಪುಟ್ಟ ಪುಷ್ಪಪತ್ರಗಳು, ತೊಟ್ಟಿನ ಮೇಲಿನ ರೋಮ, ಎಲೆ ಎದುರುಬದುರಾಗಿದೆಯೋ ಒಂದು ಬಿಟ್ಟು ಒಂದೋ, ಇವೂ ಬೇಕು. ಈ ಹೂಗಳು ಎಷ್ಟು ಮೆತ್ತಗೆ ಅಂದರೆ ಒತ್ತಿ ಒಣಗಿಸಿದಾಗ ಭಾಗಗಳು ಒಂದಕ್ಕೊಂದು ಅಂಟಿ ಹಾಳಾಗುತ್ತವೆ. ಹರ್ಬೇರಿಯಂ ಹಾಳೆ ನೋಡಿ ಗುರುತಿಸುವುದು ಬಲು ಕಷ್ಟ. ಹಾಗಾಗಿ ನೀವು ತೆಗೆಯುವ ಒಂದು ಪಕ್ಕದ ಚಿತ್ರ, ಒಂದು ಹಿಂದಿನ ಚಿತ್ರ ನಿಜವಾಗಿ ಉಪಯೋಗದ ದಾಖಲೆ.

ತುಂಬೆ ಜಾತಿಯಲ್ಲಿ ಎಲ್ಲರೂ ಬಿಳಿ ತುಟಿ ತೆಗೆಯುತ್ತಾರೆ, ಬೇಕಾದದ್ದು ಕೆಳಗಿನ ಹಸಿರು ಬಟ್ಟಲಿನ ಬಾಯಿ ಮತ್ತು ಅದರ ಹಲ್ಲು. ಜರಿಗಿಡಕ್ಕೆ ಎಲೆಯ ಹಿಂಬದಿಯ ಬೀಜಕದ ಗುಂಪು ಯಾವ ಆಕಾರದಲ್ಲಿ, ಅಂಚಿನಲ್ಲೋ ನಡುವಿನಲ್ಲೋ ಅನ್ನೋದು. ಯುಟ್ರಿಕ್ಯುಲೇರಿಯಾಕ್ಕೆ ಹೂವಿನ ಬಾಲ, ಕಾಯಿ, ತೊಟ್ಟಿನ ಬುಡದ ಚಿಕ್ಕ ಎಲೆ. ಇವುಗಳಲ್ಲಿ ಹೆಚ್ಚಿನದಕ್ಕೆ 1:1 ಸಾಕು. ಕೊನೆಗೆ ಇಡೀ ಗಿಡದ ಒಂದು ಚಿತ್ರ, ಅದು ಬೆಳೆದ ಜಾಗದ ಒಂದು ಚಿತ್ರ. ಅವಕ್ಕೆ ನಿಮ್ಮ 18-55 ಅಥವಾ ಫೋನ್ ಸಾಕು.

ಚಿತ್ರಗಳನ್ನು ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೋ ಐನ್ಯಾಚುರಲಿಸ್ಟ್‌ಗೋ ಹಾಕಿ. ಹೋಲಿಸಿ ನೋಡಲು ಭಾರತೀಯ ವಿಜ್ಞಾನ ಸಂಸ್ಥೆಯ ಹರ್ಬೇರಿಯಂನವರ ಕರ್ನಾಟಕದ ಡಿಜಿಟಲ್ ಫ್ಲೋರಾ ಇದೆ.

ದಯವಿಟ್ಟು ಹೂ ಕಿತ್ತು ಕಲ್ಲಿನ ಮೇಲೆ ಇಟ್ಟು ತೆಗೆಯಬೇಡಿ. ಚಿರೆಕಲ್ಲಿನ ಮೇಲಿನ ಆ ಮಣ್ಣಿನ ಪದರ ಬಹಳ ತೆಳು. ಅಲ್ಲಿ ಚಾಪೆ ಹಾಸಿ ಮಲಗಿದರೆ ಒಂದು ಚಿತ್ರಕ್ಕಾಗಿ ಹತ್ತಾರು ಗಿಡ ಅಪ್ಪಚ್ಚಿಯಾಗುತ್ತವೆ.

ಬೇಣದ ಹುಲ್ಲು

ಮೇಡಂ, ಬಾಲದ ವಿಷಯ ನನಗೆ ಗೊತ್ತೇ ಇರಲಿಲ್ಲ, ಬಹಳ ಉಪಕಾರ. ಮಲಗುವ ವಿಷಯ ಬಂದದ್ದಕ್ಕೆ ಕೇಳುತ್ತೇನೆ. 1500ಡಿ ಪರದೆ ಮಡಚಲು ಬರುವುದಿಲ್ಲ. ನೆಲಮಟ್ಟದ ಹೂ ತೆಗೆಯಲು ಮುಖ ನೆಲಕ್ಕೆ ಹಚ್ಚಬೇಕು. ಉಂಬಳದ (ಜಿಗಣೆಯ) ಕಾಟ ಬೇರೆ. ಏನಾದರೂ ದಾರಿ ಇದೆಯಾ?

ಮಲೆಸಾಲು

ಇದೆ. 1500ಡಿಯಲ್ಲಿ ವೈಫೈ ಇದೆ. ಕ್ಯಾನನ್‌ನ ಕ್ಯಾಮೆರಾ ಕನೆಕ್ಟ್ ಆಪ್ ಹಾಕಿಕೊಂಡರೆ ಲೈವ್ ವ್ಯೂ ಫೋನಿನಲ್ಲಿ ಬರುತ್ತದೆ. ಕ್ಲಿಕ್ ಕೂಡ ಅಲ್ಲಿಂದಲೇ ಮಾಡಬಹುದು, ಹಾಗಾಗಿ ರಿಮೋಟ್ ಕೊಳ್ಳುವುದು ಬೇಡ, ಕ್ಯಾಮೆರಾ ಅಲುಗುವುದೂ ಇಲ್ಲ. ಬ್ಯಾಟರಿ ಬೇಗ ಇಳಿಯುತ್ತದೆ, ಇನ್ನೊಂದು ಇಟ್ಟುಕೊಳ್ಳಿ.

ಟ್ರೈಪಾಡಿನ ನಡುಕಂಬ ತಲೆಕೆಳಗಾಗಿ ಹಾಕಲು ಬಂದರೆ ಕ್ಯಾಮೆರಾವನ್ನು ನೆಲದ ಹತ್ತಿರ ತೂಗುಹಾಕಬಹುದು. ಬರದಿದ್ದರೆ ದಪ್ಪ ಬಟ್ಟೆಯ ಚೀಲಕ್ಕೆ ಅಕ್ಕಿ ತುಂಬಿ, ಹೊರಗೆ ಪ್ಲಾಸ್ಟಿಕ್ ಕವರ್ ಸುತ್ತಿ ಅದರ ಮೇಲೆ ಕ್ಯಾಮೆರಾ ಒತ್ತಿಡಿ. ಹೀಗೆ ಕೂರಿಸಿದ ಕ್ಯಾಮೆರಾ ಅಗ್ಗದ ಟ್ರೈಪಾಡ್‌ಗಿಂತ ಗಟ್ಟಿ ನಿಲ್ಲುತ್ತದೆ.

ನೆರಳುಬೆಳಕು

ಎಲ್ಲರೂ ಗಾಜಿನ ಬಗ್ಗೆ ಮಾತಾಡುತ್ತಿದ್ದೀರಿ. ನನ್ನ ಮಟ್ಟಿಗೆ ಈ 20,000ದಲ್ಲಿ ಮೊದಲು ಎತ್ತಿಡಬೇಕಾದ ಪಾಲು ಬೆಳಕಿಗೆ ಮತ್ತು ಅಲುಗಾಟ ತಡೆಯುವುದಕ್ಕೆ. ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಯಾಕೆಂದರೆ ಲೆನ್ಸ್ ಕೊಂಡು ಬೇಸತ್ತು ಬಿಟ್ಟವರೆಲ್ಲ ಇಲ್ಲೇ ಸಿಕ್ಕಿಕೊಳ್ಳುವುದು.

1:1ರಲ್ಲಿ ಅಪರ್ಚರ್ (ಲೆನ್ಸಿನ ಬೆಳಕಿನ ಕಿಂಡಿ, ಎಫ್ ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು) ಎಫ್ 8 ಇಟ್ಟರೆ ಫೋಕಸ್ ಇರುವ ಪದರ ನಿಮ್ಮ ಸೆನ್ಸರ್‌ಗೆ ಒಂದು ಮಿಲಿಮೀಟರ್ ಕೂಡ ಇರುವುದಿಲ್ಲ, ಅರ್ಧದ ಆಸುಪಾಸು. ಅರ್ಧ ಗಾತ್ರದಲ್ಲಿ ಎರಡು ಮಿ.ಮೀ. ಹತ್ತಿರ ಬರುತ್ತದೆ. ಸರಿ, ಎಫ್ 22ಕ್ಕೆ ಮುಚ್ಚೋಣ ಅಂದರೆ ಡಿಫ್ರಾಕ್ಷನ್ ಬಂದು, ಅಂದರೆ ಚಿಕ್ಕ ಕಿಂಡಿಯಲ್ಲಿ ಬೆಳಕು ಹರಡಿ, ಇಡೀ ಚಿತ್ರವೇ ಮೆತ್ತಗಾಗುತ್ತದೆ. ಮ್ಯಾಕ್ರೋ ಲೆನ್ಸ್ ಮತ್ತು ಟ್ಯೂಬ್‌ನಲ್ಲಿ ಇನ್ನೊಂದು ಇದೆ. 1:1ರಲ್ಲಿ ಎರಡು ಸ್ಟಾಪ್ ಬೆಳಕು ಹೋಗುತ್ತದೆ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧ), ಎಫ್ 8 ಅನ್ನುವುದು ಎಫ್ 16ರಂತೆ ನಡೆಯುತ್ತದೆ. ಕ್ಯಾನನ್ ಪರದೆಯಲ್ಲಿ 8 ಅಂತಲೇ ಕಾಣಿಸುತ್ತದೆ. ಹಾಗಾಗಿ 1:1ರಲ್ಲಿ ಎಫ್ 8ರಿಂದ 11, ಅದರಾಚೆ ಬೇಡ. ಕ್ಲಿಪ್ ಗಾಜಿನಲ್ಲಿ ಬೆಳಕು ಹೀಗೆ ಹೋಗುವುದಿಲ್ಲ, ಅದು ರೇನಾಕ್ಸ್ ಪರವಾದ ಮಾತು.

ಈಗ ಮಳೆಗಾಲದ ಮೋಡ, ಮರದ ಕೆಳಗಿನ ಮಬ್ಬು, ಎಫ್ 8. ಶಟರ್ 1/15ಕ್ಕೆ ಬರುತ್ತದೆ. ಉದ್ದ ತೊಟ್ಟಿನ ಹೂ ಉಸಿರಿಗೂ ಅಲ್ಲಾಡುತ್ತದೆ. ಟ್ರೈಪಾಡ್ ಕ್ಯಾಮೆರಾ ಹಿಡಿಯುತ್ತದೆ, ಹೂ ಹಿಡಿಯುವುದಿಲ್ಲ ಅಲ್ವಾ? ಬೆಳಿಗ್ಗೆ ಬೇಗ ಹೋಗಿ, ಗಾಳಿ ಏಳುವ ಮುಂಚೆ. ಗಾಳಿ ಬರುವ ಕಡೆ ಛತ್ರಿ ಬಿಚ್ಚಿಡಿ. ಒಂದು ಬಿದಿರ ಕಡ್ಡಿ ನೆಲಕ್ಕೆ ಚುಚ್ಚಿ, ಅದಕ್ಕೆ ಬಟ್ಟೆ ಕ್ಲಿಪ್ ಕಟ್ಟಿ, ಕ್ಲಿಪ್ಪಿನ ಬಾಯಿಗೆ ಸ್ಪಂಜು ಅಂಟಿಸಿ, ಫ್ರೇಮಿನ ಹೊರಗೆ ತೊಟ್ಟನ್ನು ಮೆಲ್ಲಗೆ ಆನಿಸಿ. ಹಿಸುಕುವುದು ಬೇಡ, ಒರಗಿದರೆ ಸಾಕು. ಇದಕ್ಕೇ ಅಂತ ವಿಂಬರ್ಲಿಯವರು ಪ್ಲ್ಯಾಂಪ್ ಅನ್ನೋ ವಸ್ತು ಮಾರುತ್ತಾರೆ, ಬಿದಿರ ಕಡ್ಡಿ ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ.

ಅದೂ ಸಾಲದಿದ್ದರೆ ಫ್ಲಾಶ್. ಇಲ್ಲಿ 1500ಡಿ ಇರುವವರು ಎಚ್ಚರವಾಗಿರಬೇಕು. 1500ಡಿ, 3000ಡಿ, 200ಡಿ ಮಾರ್ಕ್ 2, ಈ ಕ್ಯಾಮೆರಾಗಳ ಹಾಟ್ ಶೂನಲ್ಲಿ (ಮೇಲೆ ಫ್ಲಾಶ್ ಸಿಕ್ಕಿಸುವ ಜಾಗ) ನಡುವಿನ ಪಿನ್ ಇಲ್ಲ. ಅಗ್ಗದ ಮ್ಯಾನುಯಲ್ ಫ್ಲಾಶ್ ಹಾಕಿದರೆ ಅದು ಉರಿಯುವುದೇ ಇಲ್ಲ. ಅಂಗಡಿಯವರಿಗೂ ಎಷ್ಟೋ ಸಲ ಇದು ತಿಳಿದಿರುವುದಿಲ್ಲ. ಎರಡು ದಾರಿ ಇದೆ. ಈ ಕ್ಯಾಮೆರಾಗಳಿಗೆ ಕೆಲಸ ಮಾಡುತ್ತದೆ ಅಂತ ಸ್ಪಷ್ಟವಾಗಿ ಬರೆದಿರುವ ಟಿಟಿಎಲ್ ಫ್ಲಾಶ್ (ಕ್ಯಾಮೆರಾವೇ ಬೆಳಕು ಅಳೆದು ಹೊಂದಿಸುವಂಥದ್ದು) ತಗೊಳ್ಳಿ, ಅಂಗಡಿಯಲ್ಲೇ ಹಾಕಿ ನೋಡಿ. ಇಲ್ಲವೇ ಎಸ್1, ಎಸ್2 ಸ್ಲೇವ್ ಮೋಡ್ ಇರುವ ಫ್ಲಾಶ್ ತಂದು, ಕ್ಯಾಮೆರಾದ ಸ್ವಂತ ಪುಟ್ಟ ಫ್ಲಾಶಿನ ಮಿಂಚಿನಿಂದ ಅದನ್ನು ಹೊತ್ತಿಸಿ. ಸ್ವಂತ ಫ್ಲಾಶ್ ಮೊದಲೊಂದು ಅಳತೆಯ ಮಿಂಚು ಬಿಡುತ್ತದೆ, ಅದನ್ನು ಲೆಕ್ಕಿಸದೆ ಬಿಡಲು ಎಸ್2. ಶಟರ್ 1/200, ಹೀಗೆ ಸ್ಲೇವ್ ಫ್ಲಾಶ್ ಬಳಸುವಾಗ ಈ ಕ್ಯಾಮೆರಾ ಅದಕ್ಕಿಂತ ಮೇಲೆ ಹೋಗುವುದಿಲ್ಲ.

ಬರೀ ಫ್ಲಾಶ್ ಹೂವಿನ ದಳವನ್ನು ಪ್ಲಾಸ್ಟಿಕ್ಕಿನಂತೆ ಮಾಡಿಬಿಡುತ್ತದೆ. ಡಿಫ್ಯೂಸರ್ ಬೇಕೇ ಬೇಕು. ಟಿವಿ ಡಬ್ಬದಲ್ಲಿ ಬರುವ ಬಿಳಿ ಫೋಮ್ ಹಾಳೆ ಅಥವಾ ಬಟರ್ ಪೇಪರ್ ಎರಡು ಪದರ ಸಾಕು. ಹೂವಿನಿಂದ ನೋಡಿದಾಗ ಬೆಳಕಿನ ಮೂಲ ದೊಡ್ಡದಾಗಿ ಕಾಣಬೇಕು. ಹಾಗಾಗಿ ಹಾಳೆ ಅಗಲ ಇರಲಿ, ಹೂವಿಗೆ ಹತ್ತಿರ ಇರಲಿ, ಫ್ಲಾಶಿನಿಂದ ಸ್ವಲ್ಪ ದೂರ ಇರಲಿ. ಡ್ರಾಸೆರಾದ ಅಂಟಿನ ಹನಿಗಳಲ್ಲಿ ಈ ಹಾಳೆಯ ಆಕಾರವೇ ಪ್ರತಿಫಲಿಸುತ್ತದೆ. ಹನಿಯೊಳಗೆ ಚುಚ್ಚುವ ಬಿಳಿ ಚುಕ್ಕೆ ಬೇಕೋ, ಮೆತ್ತಗಿನ ಬೆಳಕಿನ ಪಟ್ಟಿ ಬೇಕೋ ಅನ್ನೋದು ನಿಮ್ಮ ಹಾಳೆಯ ಮೇಲೆ ನಿಂತಿದೆ. ಹಿನ್ನೆಲೆ ಕಪ್ಪಾಗುತ್ತದೆ ಅಂತ ಕಂಡರೆ ಐಎಸ್‌ಒ 400, 800ಕ್ಕೆ ಏರಿಸಿ, ಇಲ್ಲವೇ ಹೂವಿನ ಹಿಂದೆ ಒಂದು ಅಡಿ ದೂರದಲ್ಲಿ ದೊಡ್ಡ ಹಸಿರು ಎಲೆ ಹಿಡಿಯಿರಿ.

ಬೇಣದ ಹುಲ್ಲು

ಪಿನ್ ಇಲ್ಲದ ವಿಷಯ ಈಗಷ್ಟೇ ಎದ್ದು ಹೋಗಿ ನೋಡಿದೆ. ನಿಜ, ಇಲ್ಲ.

ಪಡುಗಾಳಿ

ಲೆನ್ಸ್ ಯಾವುದಾದರೂ ತಗೊಳ್ಳಿ ಮಾರಾಯ್ರೆ, ಇಡುವುದು ಎಲ್ಲಿ ಅಂತ ಮೊದಲು ಯೋಚನೆ ಮಾಡಿ. ನಮ್ಮ ಕಡೆ, ನಿಮ್ಮ ಕಡೆ, ಜೂನ್‌ನಿಂದ ಸೆಪ್ಟೆಂಬರ್ ಪೂರ್ತಿ ಗೋಡೆಯೇ ಬೆವರುತ್ತದೆ. ಕ್ಯಾಮೆರಾ ಬ್ಯಾಗಿನಲ್ಲಿ ಮುಚ್ಚಿಟ್ಟ ಲೆನ್ಸಿಗೆ ಫಂಗಸ್ ಬರದೆ ಇರುವುದಿಲ್ಲ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್, ಒಂದು ಚಿಕ್ಕ ತೇವಾಂಶ ಮಾಪಕ. ಅದು 40ರಿಂದ 50 ಶೇಕಡಾ ನಡುವೆ ಇರಬೇಕು. ಜೆಲ್ ಬಣ್ಣ ಬದಲಾದಾಗ ಬಿಸಿ ಮಾಡಿ ಮತ್ತೆ ಬಳಸಬಹುದು. ಅಡುಗೆ ಪಾತ್ರೆಯಲ್ಲಿ ಮಾತ್ರ ಬೇಡ, ನೀಲಿ ಜೆಲ್ಲಿನ ಬಣ್ಣ ವಿಷ. ಅಕ್ಕಿಯಲ್ಲಿ ಹೂತಿಡಬೇಡಿ, ಧೂಳು ತುಂಬುತ್ತದೆ. ಒದ್ದೆಯಾಗಿ ಮನೆಗೆ ಬಂದರೆ ಒರೆಸಿ, ಫ್ಯಾನ್ ಕೆಳಗೆ ಒಣಗಿಸಿ, ಆಮೇಲೆ ಡಬ್ಬಕ್ಕೆ.

ಹಳೇಗಾಜು ಹೇಳಿದ ಸೆಕೆಂಡ್ ಹ್ಯಾಂಡ್ ಲೆನ್ಸ್ ನೋಡುವಾಗ ಒಂದು ಟಾರ್ಚ್ ತಗೊಂಡು ಹೋಗಿ. ಹಿಂಬದಿಯಿಂದ ಬೆಳಕು ಬಿಟ್ಟು ಮುಂದಿನಿಂದ ಓರೆಯಾಗಿ ನೋಡಿ. ಜೇಡರ ಬಲೆಯಂತಹ ಎಳೆ ಕಂಡರೆ ಎಷ್ಟೇ ಅಗ್ಗವಾದರೂ ಬಿಟ್ಟು ಬನ್ನಿ. ಗಾಜಿನ ಲೇಪವನ್ನೇ ಅದು ತಿಂದಿರುತ್ತದೆ, ತೊಳೆದರೂ ಗುರುತು ಹೋಗುವುದಿಲ್ಲ.

ಕುಂಡದ ತೋಟ

ಬೆಂಗಳೂರಿನ ಬಾಲ್ಕನಿಯಿಂದ. ನಾನು 50 ಎಂಎಂ ಎಫ್ 1.8 ಮತ್ತು ಕೆಂಕೊ ಟ್ಯೂಬ್ ಬಳಸುತ್ತೇನೆ. 12, 20, 36 ಎಂಎಂ ಮೂರು ಬರುತ್ತವೆ. ಲೆನ್ಸ್ ಇನ್ಫಿನಿಟಿಯಲ್ಲಿದ್ದಾಗ ಟ್ಯೂಬಿನ ಉದ್ದವನ್ನು ಲೆನ್ಸಿನ ಫೋಕಲ್ ಲೆಂತ್‌ನಿಂದ ಭಾಗಿಸಿದರೆ ಗಾತ್ರ ಸಿಗುತ್ತದೆ. ಹಾಗಾಗಿ 50ಕ್ಕೆ ಟ್ಯೂಬ್ ಚೆನ್ನಾಗಿ ಹೊಂದುತ್ತದೆ, 250ಕ್ಕೆ ಹಾಕಿದರೆ ಹೆಚ್ಚೇನೂ ಸಿಗುವುದಿಲ್ಲ. ವಿದ್ಯುತ್ ಸಂಪರ್ಕ ಇಲ್ಲದ ಅಗ್ಗದ ಟ್ಯೂಬ್ ಬೇಡ, ಕ್ಯಾಮೆರಾದಿಂದ ಅಪರ್ಚರ್ ಬದಲಿಸಲು ಆಗುವುದಿಲ್ಲ.

ಗಾಳಿ ಇಲ್ಲದ ಒಳಾಂಗಣದಲ್ಲಿ ನಾನು ಫೋಕಸ್ ಸ್ಟ್ಯಾಕಿಂಗ್ ಮಾಡುತ್ತೇನೆ. ಒಂದೇ ಹೂವನ್ನು ಸ್ವಲ್ಪ ಸ್ವಲ್ಪವೇ ಫೋಕಸ್ ಸರಿಸಿ ಹಲವು ಸಲ ತೆಗೆದು ಕಂಪ್ಯೂಟರಿನಲ್ಲಿ ಒಂದುಗೂಡಿಸುವುದು. ಜೆರೀನ್, ಹೆಲಿಕಾನ್ ದುಡ್ಡಿನವು. ಎನ್‌ಫ್ಯೂಸ್ ಪುಕ್ಕಟೆ. ಹೊರಗೆ ಬೇಣದಲ್ಲಿ ಇದು ಕಷ್ಟ, ಎರಡು ಚಿತ್ರದ ನಡುವೆ ಹೂ ಜಾಗ ಬದಲಿಸಿರುತ್ತದೆ. ಹಾವಸೆಗೆ, ಮರಕ್ಕೆ ಅಂಟಿದ ಸಣ್ಣ ಆರ್ಕಿಡ್‌ಗೆ ಪ್ರಯತ್ನಿಸಬಹುದು.

ಗದ್ದೆಬದು

ನನ್ನ ಹತ್ತಿರ ಕ್ಯಾಮೆರಾನೇ ಇಲ್ಲ, ಫೋನ್ ಮಾತ್ರ. ಅದರಲ್ಲಿ ಮ್ಯಾಕ್ರೋ ಅಂತ ಇನ್ನೊಂದು ಕಣ್ಣಿದೆ, ಚಿತ್ರ ಮಾತ್ರ ಮಸುಕು. ಏನು ಮಾಡಲಿ?

ನೆರಳುಬೆಳಕು

2 ಮೆಗಾಪಿಕ್ಸೆಲ್ ಮ್ಯಾಕ್ರೋ ಕಣ್ಣಾದರೆ ಅದನ್ನು ಮರೆತುಬಿಡಿ. ಮುಖ್ಯ ಕ್ಯಾಮೆರಾದಲ್ಲೇ 2 ಪಟ್ಟು ಜೂಮ್ ಮಾಡಿ, ಫೋಕಸ್ ಆಗುವಷ್ಟು ಹಿಂದೆ ನಿಂತು ತೆಗೆಯಿರಿ, ಇನ್ನೂ ಚೆನ್ನಾಗಿ ಬರುತ್ತದೆ. ಅಲ್ಟ್ರಾವೈಡ್‌ನಲ್ಲಿ ಆಟೋಫೋಕಸ್ ಇರುವ ಫೋನ್‌ಗಳಲ್ಲಿ ಮ್ಯಾಕ್ರೋ ನಿಜಕ್ಕೂ ಚೆನ್ನ. 2021ರ ಐಫೋನ್ 13 ಪ್ರೋ 2 ಸೆಂ.ಮೀ.ವರೆಗೆ ಹೋಗುತ್ತದೆ. ಅದರಲ್ಲಿ ಹೂವಿನ ಜೊತೆ ಹಿಂದಿನ ಗುಡ್ಡವೂ ಕಾಣುತ್ತದೆ, ಎಲೆಕಂಕುಳು ಮೇಡಂ ಹೇಳಿದ ಜಾಗದ ಚಿತ್ರಕ್ಕೆ ಹೇಳಿ ಮಾಡಿಸಿದ್ದು.

ಎಲೆಕಂಕುಳು

ಒಂದು ಸೇರಿಸುತ್ತೇನೆ. ಕರ್ಣಕುಂಡಲದ ಗುಲಾಬಿ ನೇರಳೆ, ಚಿತ್ರದಲ್ಲಿ ಬಣ್ಣ ಬಳಿದ ಹಾಗೆ ಒಂದೇ ಸಮ ಆಗಿಬಿಡುತ್ತದೆ, ದಳದ ಗೆರೆ ಮಾಯ. ನನಗೆ ಬರುವ ಚಿತ್ರಗಳಲ್ಲಿ ಇದು ಜಾಸ್ತಿ. ಯಾಕೆ?

ಹಳೇಗಾಜು

ಕೆಂಪು ಚಾನಲ್ ತುಂಬಿ ಹರಿದಿರುತ್ತದೆ ಮೇಡಂ. ಸಾಮಾನ್ಯ ಹಿಸ್ಟೋಗ್ರಾಮ್‌ನಲ್ಲಿ (ಬೆಳಕಿನ ಹಂಚಿಕೆಯ ನಕ್ಷೆ) ಎಲ್ಲ ಸರಿ ಕಾಣುತ್ತದೆ, ಕೆಂಪು, ಹಸಿರು, ನೀಲಿ ಬೇರೆ ಬೇರೆ ತೋರಿಸುವ ಆರ್‌ಜಿಬಿ ಹಿಸ್ಟೋಗ್ರಾಮ್ ಹಾಕಿ ನೋಡಿದರೆ ಕೆಂಪು ಬಲ ಅಂಚಿಗೆ ಬಡಿದಿರುತ್ತದೆ. ಎಕ್ಸ್‌ಪೋಷರನ್ನು ಮೂರನೇ ಎರಡು ಸ್ಟಾಪ್ ಇಳಿಸಿ, ರಾ ಫೈಲ್ ತೆಗೆಯಿರಿ. ತುಂಬೆಯ ಬಿಳಿಗೂ ಇಳಿಸಲೇಬೇಕು. ಎಲೆ ಒದ್ದೆಯಾಗಿ ಹೊಳೆಯುತ್ತಿದ್ದರೆ ಪೋಲರೈಸರ್ ಹಾಕಬಹುದು, ಹಸಿರು ಎದ್ದು ಬರುತ್ತದೆ. ಆದರೆ ಒಂದೂವರೆ ಸ್ಟಾಪ್ ಹತ್ತಿರ ಬೆಳಕು ತಿನ್ನುತ್ತದೆ, ಗಾಳಿ ಇರುವಾಗ ಬೇಡ.

ಬೇಣದ ಹುಲ್ಲು

ಎಲ್ಲರ ಮಾತು ಓದಿ ಹೀಗೆ ಅಂದುಕೊಂಡಿದ್ದೇನೆ. ಈಗ ರೇನಾಕ್ಸ್ 150, ಸ್ಲೇವ್ ಇರುವ ಒಂದು ಫ್ಲಾಶ್, ಡಬ್ಬ ಮತ್ತು ಸಿಲಿಕಾ ಜೆಲ್. ಹೂಗಳನ್ನು ಅಳೆದೆ. ಯುಟ್ರಿಕ್ಯುಲೇರಿಯಾ 8 ಮಿ.ಮೀ., ಡ್ರಾಸೆರಾ ಎಲೆಚಕ್ರ 25. ಮುಂದಿನ ವರ್ಷ ಕೈಯಲ್ಲಿ ದುಡ್ಡಿದ್ದರೆ ಹಳೆಯ 100 ಎಂಎಂ. ರೇನಾಕ್ಸ್ ಭಾರಕ್ಕೆ 55-250ರ ಮೂತಿಗೆ ತೊಂದರೆ ಇಲ್ಲ ತಾನೇ?

ಮಲೆಸಾಲು

ಹಗುರವಾದ ವಸ್ತು, ತೊಂದರೆ ಇಲ್ಲ. ಎಸ್‌ಟಿಎಂನಲ್ಲಿ ಫೋಕಸ್ ಮಾಡುವಾಗ ಮುಂಭಾಗ ತಿರುಗುವುದೂ ಇಲ್ಲ. ಕ್ಲಿಪ್ಪಿನ ಎರಡೂ ಕಿವಿ ಒಟ್ಟಿಗೆ ಒತ್ತಿ ಕೂರಿಸಿ, ಒಂದೇ ಕಡೆ ಒತ್ತಿದರೆ ಓರೆಯಾಗಿ ಕೂರುತ್ತದೆ. 100 ಎಂಎಂ ಬಂದ ಮೇಲೂ ಅದನ್ನು ಮಾರಬೇಡಿ. ಅದರ ಮುಂದೆಯೂ ಕೂರುತ್ತದೆ, 1:1 ದಾಟಿ ಹೋಗಬಹುದು.

ಬಂದ ದಿನ ಬೇಣಕ್ಕೆ ಓಡಬೇಡಿ. ಮನೆಯಲ್ಲೇ ಮೇಜಿನ ಮೇಲೆ ಸ್ಕೇಲ್ ಇಟ್ಟು, ಲೆನ್ಸನ್ನು ಎಂಎಫ್‌ಗೆ (ಮ್ಯಾನುಯಲ್ ಫೋಕಸ್) ಹಾಕಿ, 70, 100, 135, 200, 250ರಲ್ಲಿ ಒಂದೊಂದು ಚಿತ್ರ ತೆಗೆಯಿರಿ. ಕ್ಯಾಮೆರಾವನ್ನೇ ಹಿಂದೆ ಮುಂದೆ ಸರಿಸಿ ಫೋಕಸ್ ಮಾಡಿ, ರಿಂಗ್ ತಿರುಗಿಸಿ ಅಲ್ಲ. ಯಾವ ಜೂಮ್‌ನಲ್ಲಿ ಎಷ್ಟು ಮಿ.ಮೀ. ಹಿಡಿಯುತ್ತದೆ ಅಂತ ಗೊತ್ತಾದರೆ ನಿಮ್ಮ 8 ಮಿ.ಮೀ. ಹೂವಿಗೆ 250, 25 ಮಿ.ಮೀ. ಎಲೆಚಕ್ರಕ್ಕೆ 100ರ ಆಸುಪಾಸು ಅಂತ ಹೋಗುವ ಮುಂಚೆಯೇ ಇಟ್ಟುಕೊಂಡು ಹೋಗಬಹುದು.